ಗಡಿಯ ಸುದ್ದಿಯಾಗಿಯೇ ಉಳಿದ ಚೀನಾದ ದಾರಿ

ಸಾಲ ಕೊಟ್ಟು ಬೇರೆ ದೇಶಗಳಲ್ಲಿ ರಸ್ತೆ, ರೈಲು, ಬಂದರು ಕಟ್ಟಿಸುವ ಚೀನಾದ ‘ಬೆಲ್ಟ್ ಆ್ಯಂಡ್ ರೋಡ್’ ಯೋಜನೆ ಅಂದ ಕೂಡಲೇ ಮುಂಬಯಿ ಕನ್ನಡಿಗರಿಗೆ ನೆನಪಾಗುವುದು ಎರಡೇ: ಪಾಕ್ ಆಕ್ರಮಿತ ಕಾಶ್ಮೀರ, ಶ್ರೀಲಂಕಾದ ಹಂಬಂಟೋಟ ಬಂದರು. ಕನ್ನಡ ಪತ್ರಿಕೆ ಓದುವವರಿರಲಿ, ಮರಾಠಿ ಪತ್ರಿಕೆ ಓದುವವರಿರಲಿ, ಜಾಸ್ತಿ ವ್ಯತ್ಯಾಸವಿಲ್ಲ.

2013ರ ಸೆಪ್ಟೆಂಬರ್‌ನಲ್ಲಿ ಚೀನಾ ಅಧ್ಯಕ್ಷ ಷಿ ಜಿನ್‌ಪಿಂಗ್ ಕಜಾಕಸ್ತಾನದಲ್ಲಿ ಈ ಮಾತೆತ್ತಿದಾಗ ಅದು ನಮಗೆ ದೂರದ ಸಂಗತಿ. 2015ರಲ್ಲಿ ಪಾಕಿಸ್ತಾನಕ್ಕೆ 46 ಶತಕೋಟಿ ಡಾಲರ್‌ನ ಕಾರಿಡಾರ್ (ರಸ್ತೆ, ವಿದ್ಯುತ್, ಬಂದರು ಯೋಜನೆಗಳ ಸಾಲು) ಇದರಡಿ ಘೋಷಣೆಯಾಯಿತು. ಅದು ಹಾದುಹೋಗುವುದು ಪಾಕ್ ಆಕ್ರಮಿತ ಕಾಶ್ಮೀರದ ಗಿಲ್ಗಿಟ್-ಬಾಲ್ಟಿಸ್ತಾನದ ಮೂಲಕ. ಅಲ್ಲಿಂದ ಇದು ನಮ್ಮ ನೆಲದ ಪ್ರಶ್ನೆಯಾಯಿತು. ಆಗಲೇಬೇಕಿತ್ತು, ಅಲ್ವಾ? 2017ರ ಮೇ ತಿಂಗಳ ಬೀಜಿಂಗ್‌ನ ಬೆಲ್ಟ್ ಆ್ಯಂಡ್ ರೋಡ್ ಸಮಾವೇಶಕ್ಕೆ ಭಾರತ ಹೋಗಲಿಲ್ಲ. ಮುಂದಿನ ತಿಂಗಳೇ ಭೂತಾನ್ ಗಡಿಯ ಡೋಕ್ಲಾಮ್‌ನಲ್ಲಿ ಭಾರತ-ಚೀನಾ ಸೇನೆಗಳ ಮುಖಾಮುಖಿ. ವರ್ಷದ ಕೊನೆಗೆ ಹಂಬಂಟೋಟ ಬಂದರು 99 ವರ್ಷದ ಗುತ್ತಿಗೆಗೆ ಚೀನಾ ಕಂಪನಿಯ ಕೈಸೇರಿತು. ಸಾಲ ಕೊಟ್ಟು ಆಸ್ತಿ ಕಿತ್ತುಕೊಳ್ಳುವ ‘ಸಾಲದ ಬಲೆ’ ಅನ್ನುವ ಮಾತು ತಲೆಬರಹಗಳಲ್ಲಿ ಗಟ್ಟಿಯಾಗಿ ಕೂತಿತು.

ಪೂರ್ತಿ ಲೆಕ್ಕ ಮಾತ್ರ ಓದುಗರಿಗೆ ಸಿಗಲಿಲ್ಲ. ಗುತ್ತಿಗೆಯಿಂದ ಬಂದ ಸುಮಾರು 112 ಕೋಟಿ ಡಾಲರ್ ಆ ಬಂದರಿನ ಸಾಲ ತೀರಿಸಲು ಹೋಗಲಿಲ್ಲ, ಶ್ರೀಲಂಕಾದ ವಿದೇಶಿ ವಿನಿಮಯ ಸಂಗ್ರಹಕ್ಕೆ ಸೇರಿತು. ಆ ದೇಶವನ್ನು ಹೆಚ್ಚು ಹಿಂಡಿದ್ದು ವಿದೇಶಿ ಮಾರುಕಟ್ಟೆಯಲ್ಲಿ ಮಾರಿದ ಬಾಂಡ್‌ಗಳ ಸಾಲ. ಹೀಗೆ ಹೇಳಿದರೆ ಚೀನಾದ ಪರ ವಹಿಸಿದಂತೆ ಅಲ್ಲ.

ಪ್ರಾದೇಶಿಕ ಪತ್ರಿಕೆಗಳ ಕಷ್ಟವೂ ನಿಜ. ಕೊಲಂಬೊದಲ್ಲಿ, ಬೀಜಿಂಗ್‌ನಲ್ಲಿ ವರದಿಗಾರರನ್ನು ಇಡುವ ಶಕ್ತಿ ಎಲ್ಲರಿಗೆಲ್ಲಿದೆ? ಸುದ್ದಿಸಂಸ್ಥೆಯ ಇಂಗ್ಲಿಷ್ ಪ್ರತಿ ರಾತ್ರಿ ಡೆಸ್ಕ್‌ಗೆ ಬರುತ್ತದೆ. ಪುಟ ಮುಗಿಸುವ ಗಡಿಬಿಡಿಯಲ್ಲಿ ಉಪಸಂಪಾದಕರು ಅನುವಾದಿಸಿ, ಕೊನೆಯ ಪ್ಯಾರಾಗಳನ್ನು ಕತ್ತರಿಸುತ್ತಾರೆ. ಹಿನ್ನೆಲೆ ಇರುವುದು ಸಾಮಾನ್ಯವಾಗಿ ಅಲ್ಲೇ. ಉಳಿಯುವುದು ವಿದೇಶಾಂಗ ಸಚಿವಾಲಯದ ಹೇಳಿಕೆ.

ಆದರೆ ಮುಂಬಯಿಯ ಸುದ್ದಿಗೆ ಬೀಜಿಂಗ್‌ಗೆ ಹೋಗಬೇಕಿರಲಿಲ್ಲ. ಚೀನಾ ಮುಂದೆ ನಿಂತು ಕಟ್ಟಿದ ಎಐಐಬಿ (ಏಷ್ಯಾದ ಮೂಲಸೌಕರ್ಯ ಹೂಡಿಕೆ ಬ್ಯಾಂಕ್) ಬೆಲ್ಟ್ ಆ್ಯಂಡ್ ರೋಡ್‌ಗಿಂತ ಬೇರೆ. ಅದರಲ್ಲಿ ಭಾರತ ಎರಡನೇ ದೊಡ್ಡ ಪಾಲುದಾರ. 2018ರ ಜೂನ್‌ನಲ್ಲಿ ಅದರ ವಾರ್ಷಿಕ ಸಭೆ ನಡೆದದ್ದು ಇದೇ ಊರಿನಲ್ಲಿ. 2020ರ ಜೂನ್‌ನಲ್ಲಿ ಲಡಾಖ್‌ನ ಗಲ್ವಾನ್‌ನಲ್ಲಿ ಚೀನಾ ಸೇನೆಯ ಜತೆ ಸಂಘರ್ಷ. ಆಗಸ್ಟ್‌ನಲ್ಲಿ ಮುಂಬಯಿ ಲೋಕಲ್‌ನ ಎಂಯುಟಿಪಿ-3 (ಮುಂಬಯಿ ನಗರ ಸಾರಿಗೆಯ ಮೂರನೇ ಹಂತ) ಯೋಜನೆಗೆ ಅದೇ ಬ್ಯಾಂಕಿನ 50 ಕೋಟಿ ಡಾಲರ್ ಸಾಲಕ್ಕೆ ಸಹಿ. ಪನ್ವೇಲ್–ಕರ್ಜತ್ ಲೋಕಲ್ ಮಾರ್ಗ, ವಿರಾರ್–ಡಹಾಣು ನಡುವೆ ಇನ್ನೆರಡು ಹಳಿ ಈ ಯೋಜನೆಯಲ್ಲಿವೆ. ಬಾಡಿಗೆ ಕಮ್ಮಿ ಅಂತ ಬೋಯಿಸರ್, ಪಾಲ್ಘರ್ ಕಡೆ ಮನೆ ಮಾಡಿ, ದಿನಾ ರೈಲಿನ ಬಾಗಿಲಲ್ಲಿ ಜೋತುಬಿದ್ದು ಬರುವವರ ಸುದ್ದಿ ಇದು.

ಆ ಬ್ಯಾಂಕಿನಲ್ಲಿ ಭಾರತಕ್ಕೆ ಮತವಿದೆ, ಹತ್ತಾರು ದೇಶಗಳು ಸದಸ್ಯರು. ಬೆಲ್ಟ್ ಆ್ಯಂಡ್ ರೋಡ್ ಸಾಲ ಹೆಚ್ಚಾಗಿ ಚೀನಾ ಮತ್ತು ಒಂದೊಂದು ದೇಶದ ನಡುವಿನ ವ್ಯವಹಾರ. ಷರತ್ತುಗಳು ಎಷ್ಟೋ ಸಲ ಹೊರಗೇ ಬರುವುದಿಲ್ಲ. ಇಷ್ಟನ್ನು ಬಿಡಿಸಿ ಬರೆದಿದ್ದರೆ, ಒಂದರಿಂದ ದೂರ ಉಳಿದ ದೆಹಲಿ ಇನ್ನೊಂದಕ್ಕೆ ಸಹಿ ಹಾಕಿದ್ದೇಕೆ ಅಂತ ಪನ್ವೇಲ್‌ನ ಓದುಗರಿಗೂ ತಿಳಿಯುತ್ತಿತ್ತು.