ಪ್ಯಾಡ್ ನಡುವೆ ತೂತು ಹೊಡೆದ ಕಥೆ

ಎಲ್ಲರ ಮನೆ ದೋಸೆನೂ ತೂತೇ ಅಂತಾರೆ, ದಾವಣಗೆರೆಯವ್ರಿಗೆ ಅದನ್ನ ಬೇರೆ ಹೇಳ್ಬೇಕಾ. ಆದ್ರೆ ನನ್ನ ಮರ್ಯಾದೆ ತೆಗೆದಿದ್ದು ಸರ್ಕ್ಯೂಟ್ ಬೋರ್ಡ್ ತೂತು. ಮಾವನ ಅಡಿಕೆ ತೋಟದ ಬೋರ್‌ವೆಲ್ ಮೋಟ್ರನ್ನ ಮೊಬೈಲಿಂದ ಆನ್ ಆಫ್ ಮಾಡೋಕೆ ಅಂತ ಒಂದು ಬೋರ್ಡ್ ಡಿಸೈನ್ ಮಾಡ್ದೆ, ಸ್ಟಾರ್ಟರ್ ಡಬ್ಬಿ ಒಳಗೆ ಕೂರ್ಬೇಕಲ್ಲ ಅಂತ ಜಾಗ ಉಳಿಸೋಕ್ ಹೋಗಿ ಕೆಪಾಸಿಟರ್ ಪ್ಯಾಡ್ ನಡುವೇನೇ ವಯಾ ಇಟ್ಬಿಟ್ಟೆ.

ವಯಾ ಅಂದ್ರೆ ಮೇಲಿನ ತಾಮ್ರದ ಪದರಾನ ಕೆಳಗಿನದಕ್ಕೆ ಸೇರ್ಸೋ ಸಣ್ಣ ತೂತು, ಒಳಗೋಡೆಗೂ ತಾಮ್ರ ಹಿಡಿಸಿರ್ತಾರೆ. ಪ್ಯಾಡು ಪಾರ್ಟನ್ನ ಸೋಲ್ಡರ್ ಅನ್ನೋ ಕರಗೋ ಲೋಹದಿಂದ ಬೆಸೆಯೋ ಜಾಗ. ಓವನ್‌ನಲ್ಲಿ 217 ಡಿಗ್ರಿ ಸೆಲ್ಸಿಯಸ್ ಹತ್ರ ಲೆಡ್ ಇಲ್ಲದ ಸೋಲ್ಡರ್ ಕರಗ್ತಿದ್ದ ಹಾಗೇ, ದೀಪದ ಬತ್ತಿ ಎಣ್ಣೆ ಎಳ್ಕೊಳ್ಳುತ್ತಲ್ಲ, ಹಂಗೆ ಈ ತೂತು ಅದನ್ನ ಕೆಳಗೆಳ್ಕೊಂಡ್ಬಿಡುತ್ತೆ.

ಎಷ್ಟು ಕುಡಿಯುತ್ತೆ ಅಂತ ಆಮೇಲೆ ಲೆಕ್ಕ ಹಾಕಿದೆ, ಮೊದ್ಲೇ ಹಾಕ್ಬೇಕಿತ್ತು. 0.3 ಮಿಮೀ ತೂತು, 1.6 ಮಿಮೀ ದಪ್ಪದ ಬೋರ್ಡು, ಒಳಗೆ ಸುಮಾರು 0.11 ಘನ ಮಿಮೀ ಜಾಗ. ನನ್ನ ಪ್ಯಾಡ್ 0.8 ಕ್ಕೆ 0.9 ಮಿಮೀ, ಅದರ ಮೇಲೆ ಬಳಿಯೋ ಸೋಲ್ಡರ್ ಪುಡಿಯ ಪೇಸ್ಟ್ 0.12 ಮಿಮೀ ದಪ್ಪ, ಅಂದ್ರೆ 0.086 ಘನ ಮಿಮೀ. ಅದ್ರಲ್ಲೂ ಹೆಚ್ಚುಕಮ್ಮಿ ಅರ್ಧ ಫ್ಲಕ್ಸು, ಅಂದ್ರೆ ಸೋಲ್ಡರ್ ಚೆನ್ನಾಗಿ ಹಿಡೀಲಿ ಅಂತ ಕಲಸಿರೋ ಅಂಟು, ಲೋಹ ಉಳಿಯೋದು 0.043 ಅಷ್ಟೇ. ಪೂರ್ತಿ ಕುಡಿದ್ರೂ ತೂತಿಗೆ ಹೊಟ್ಟೆ ತುಂಬಲ್ಲ! ಒಂದ್ ಕಡೆ ಸೋಲ್ಡರ್ ಇಲ್ಲ, ಇನ್ನೊಂದ್ ಕಡೆಯದ್ದು ಎಳೀತು, ಕೆಲವು ಕೆಪಾಸಿಟರ್ ಒಂಟಿಕಾಲಲ್ಲಿ ನಿಂತ್ವು. ಮಾವ ನೋಡಿ "ಇದ್ಯಾಕಲೇ ಎದ್ ನಿಂತೈತೆ" ಅಂದ್ರು.

ಹಂಗಂತ ಪ್ಯಾಡಲ್ಲಿ ವಯಾ ಹಾಕೋದೇ ತಪ್ಪು ಅಂತಲ್ಲ, ಬಾಯಿ ತೆರೆದು ಬಿಡೋದು ತಪ್ಪು. ಚಿಪ್ ಹೊಟ್ಟೆಯಡಿ ಇರೋ ಸೋಲ್ಡರ್ ಗುಂಡುಗಳು 0.5 ಮಿಮೀ ಅಂತರದಲ್ಲಿದ್ರೆ ನಡುವೆ ವಯಾಗೆ ಜಾಗ ಸಿಗೋದೇ ಕಷ್ಟ, ಪ್ಯಾಡಲ್ಲೇ ಹಾಕ್ಬೇಕು. ಆಗ ತೂತಿಗೆ ಎಪಾಕ್ಸಿ ಅನ್ನೋ ಗಟ್ಟಿಯಾಗೋ ಅಂಟು ತುಂಬಿ ಮೇಲೆ ತಾಮ್ರದ ಮುಚ್ಚಳ ಹಾಕಿಸ್ತಾರೆ, ಚೆನ್ನಾಗಿ ಆಗುತ್ತೆ, ಬಿಲ್ಲೂ ಏರುತ್ತೆ. ಕೆಳಗಡೆ ಬರೀ ಮಾಸ್ಕ್ (ಸೋಲ್ಡರ್ ಹಿಡಿಯದ ಹಾಗೆ ಬೋರ್ಡಿಗೆ ಬಳಿಯೋ ಬಣ್ಣದಂಥ ಪದರ) ಮುಚ್ಚಿದ್ರೆ ಗಾಳಿ ಸಿಕ್ಕಾಕ್ಕೊಂಡು ಸೋಲ್ಡರಲ್ಲಿ ಗುಳ್ಳೆ ಆಗ್ಬಹುದು. ಬಿಸಿಯಾಗೋ ಚಿಪ್ಪಿನ ಹೊಟ್ಟೆಯಡಿಯ ದೊಡ್ಡ ಪ್ಯಾಡಲ್ಲಿ ಮಾತ್ರ ಸಣ್ಣ ಸಣ್ಣ ವಯಾ ಬೇಕಂತಲೇ ಇಡ್ತಾರೆ, ಬಿಸಿ ಕೆಳಗಿನ ತಾಮ್ರಕ್ಕೆ ಇಳೀಲಿ ಅಂತ. ಅಲ್ಲಿ ಸೋಲ್ಡರ್ ಸ್ವಲ್ಪ ಹೋದ್ರೂ ನಡೆಯುತ್ತೆ, ಪುಟಾಣಿ ಕೆಪಾಸಿಟರಿಗೆ ಆ ಧಾರಾಳ ಎಲ್ಲಿಂದ ಬರ್ಬೇಕು.

ಎರಡನೇ ಸಲ ವಯಾನ ಪ್ಯಾಡ್ ಪಕ್ಕಕ್ಕಿಟ್ಟು ನಡುವೆ ಹಸಿರು ಮಾಸ್ಕ್ ಬಿಟ್ಟೆ. ಪ್ರತಿ ಪಾರ್ಟಿಗೂ ಅರ್ಧ ಮಿಲಿಮೀಟರ್ ಜಾಸ್ತಿ ಬೇಕಾಯ್ತು. ಸ್ಟಾರ್ಟರ್ ಡಬ್ಬಿ ತೆಗೆದು ನೋಡಿದ್ರೆ ಬೋರ್ಡ್ ಪಕ್ಕ ಇನ್ನೂ ನಾಲ್ಕು ಬೆರಳು ಜಾಗ ಖಾಲಿ ಇತ್ತು.