ಕೊಳೆ ಎಲ್ಲಿಗೆ ಹೋಯಿತು?

ತರಬೇತಿಗೆಂದು ನಮ್ಮ ಕೊಳಚೆನೀರು ಶುದ್ಧೀಕರಣ ಘಟಕಕ್ಕೆ ಬರುವ ಪರಿಸರ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಮೊದಲ ದಿನವೇ ಘಟಕದ ಎರಡು ತುದಿಗಳನ್ನು ತೋರಿಸುತ್ತೇನೆ. ಒಂದು ಕಡೆ ಕಪ್ಪು ನೀರು ಒಳಗೆ ಬರುತ್ತದೆ, ಇನ್ನೊಂದು ಕಡೆ ತಿಳಿನೀರು ಹೊರಗೆ ಹರಿಯುತ್ತದೆ. ‘ಕೊಳೆ ಎಲ್ಲಿಗೆ ಹೋಯಿತು?’ ಎಂದು ಕೇಳುತ್ತೇನೆ. ‘ಶುದ್ಧವಾಯಿತು’ ಎನ್ನುವವರೇ ಹೆಚ್ಚು. ಅದು ಉತ್ತರವಲ್ಲ. ಈ ವಿಷಯವನ್ನು ಓದುವುದೆಂದರೆ ನಾಲ್ಕು ವರ್ಷ ಆ ಒಂದು ಪ್ರಶ್ನೆಯನ್ನು ಬಿಡದೆ ಕೇಳುತ್ತಾ ಹೋಗುವುದು.

ಪಠ್ಯದಲ್ಲಿ ಇದಕ್ಕೆ ಮಾಸ್ ಬ್ಯಾಲೆನ್ಸ್ ಎಂದು ಹೆಸರು. ನಾನು ಜಮಾಖರ್ಚು ಎನ್ನುತ್ತೇನೆ. ಒಳಗೆ ಬಂದದ್ದು, ಹೊರಗೆ ಹೋದದ್ದು, ಒಳಗೇ ಉಳಿದದ್ದು, ರೂಪ ಬದಲಿಸಿದ್ದು ಎಲ್ಲ ತಾಳೆಯಾಗಬೇಕು. ದಿನಕ್ಕೆ 1 ಕೋಟಿ ಲೀಟರ್ ಕೊಳಚೆ, ಲೀಟರಿಗೆ 250 ಮಿಲಿಗ್ರಾಂ ಬಿಒಡಿ (ಕೊಳೆಯನ್ನು ತಿನ್ನಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕದ ಅಳತೆ) ಎಂದಿಟ್ಟುಕೊಳ್ಳಿ. ಅಂದರೆ ದಿನಕ್ಕೆ 2,500 ಕಿಲೋ ಆಮ್ಲಜನಕ ಬೇಡುವಷ್ಟು ಕೊಳೆ. ಬ್ಯಾಕ್ಟೀರಿಯಾ ಅದರಲ್ಲಿ ಒಂದು ಪಾಲನ್ನು ಉಸಿರಾಡಿ ಇಂಗಾಲದ ಡೈಆಕ್ಸೈಡ್ ಮಾಡುತ್ತವೆ. ಇನ್ನೊಂದು ಪಾಲು ಅವುಗಳ ಮೈಯೇ ಆಗುತ್ತದೆ. ಹೀಗೆ ದಿನಕ್ಕೆ ಸುಮಾರು ಒಂದು ಟನ್ ಒಣ ಸ್ಲಡ್ಜ್, ಅಂದರೆ ತಳದಲ್ಲಿ ಕೂರುವ ಕೆಸರು, ಹುಟ್ಟುತ್ತದೆ. ಅದು ಬರುವುದು ಒಣಗಿ ಅಲ್ಲ. ಶೇ 1ರಷ್ಟು ಘನವಸ್ತು ಇರುವ ಕೆಸರಾಗಿ ಬಂದರೆ ದಿನಕ್ಕೆ 1 ಲಕ್ಷ ಲೀಟರ್! ತಿಳಿನೀರಿನ ಲೆಕ್ಕವನ್ನು ಅಚ್ಚುಕಟ್ಟಾಗಿ ಮಾಡಿ ಈ ಲಕ್ಷ ಲೀಟರನ್ನು ಮರೆತ ಪ್ರಾಜೆಕ್ಟ್ ವರದಿಗಳನ್ನು ನಾನು ಎಷ್ಟೋ ಓದಿದ್ದೇನೆ.

ಆ ಕೆಸರನ್ನು ಕಸವೆಂದು ನೋಡುವುದೂ ತಪ್ಪೇ. ರಸಾಯನಶಾಸ್ತ್ರಜ್ಞರಾದ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಬಾಟಲಿಗೆ ಕೊಳಚೆನೀರು ತುಂಬಿ ಗಾಳಿ ಊದಿದಾಗ, ಅಮೋನಿಯಾ ಪೂರ್ತಿ ನೈಟ್ರೇಟ್ ಆಗಲು ಮೊದಲ ಸಲ ಸುಮಾರು ಐದು ವಾರ ಹಿಡಿಯಿತು. ಅವರು ಮೇಲಿನ ತಿಳಿಯನ್ನಷ್ಟೇ ಬಸಿದು, ತಳದಲ್ಲಿ ಕುಳಿತ, ಬ್ಯಾಕ್ಟೀರಿಯಾ ತುಂಬಿದ ಕೆಸರನ್ನು ಹಾಗೇ ಇಟ್ಟುಕೊಂಡು ಹೊಸ ಕೊಳಚೆ ಸುರಿದರು. ಮತ್ತೆ ಬಸಿದರು, ಮತ್ತೆ ಸುರಿದರು. ಪ್ರತಿ ಸುತ್ತಿಗೂ ಸಮಯ ಇಳಿಯುತ್ತಾ ಬಂದು ಕೊನೆಗೆ 24 ಗಂಟೆಯೊಳಗೆ ಕೆಲಸ ಮುಗಿಯಿತು. 1914ರಲ್ಲಿ ಅವರು ಪ್ರಕಟಿಸಿದ ಈ ವಿಧಾನವೇ ಆಕ್ಟಿವೇಟೆಡ್ ಸ್ಲಡ್ಜ್. ಈಗಲೂ ಜಗತ್ತಿನ ದೊಡ್ಡ ನಗರಗಳ ಕೊಳಚೆಯನ್ನು ಬಹುಪಾಲು ಇದೇ ತೊಳೆಯುತ್ತಿದೆ. ಇದನ್ನು ತರಗತಿಯಲ್ಲಿ ಸೂತ್ರವಾಗಿ ಕಲಿಸಿ ಮುಗಿಸಿದಾಗ ನನಗೆ ಸಂಕಟವಾಗುತ್ತದೆ. ಸೂಕ್ಷ್ಮದರ್ಶಕದಡಿ ಒಂದು ಹನಿ ಸ್ಲಡ್ಜ್ ಇಟ್ಟು, ಅದರಲ್ಲಿ ಓಡಾಡುವ ಪ್ರೋಟೋಜೋವಾ ಎಂಬ ಏಕಕೋಶ ಜೀವಿಗಳನ್ನು ಕಣ್ಣಾರೆ ಕಂಡವರಿಗೆ ಸೂತ್ರ ಮರೆಯುವುದಿಲ್ಲ.

ಒಮ್ಮೆ ನಮ್ಮಲ್ಲಿ ಹೊರಹೋಗುವ ನೀರಿನ ಅಮೋನಿಯಾ ದಿನೇ ದಿನೇ ಏರತೊಡಗಿತು. ಎಲ್ಲರೂ ಟ್ಯಾಂಕಿಗೆ ಗಾಳಿ ಊದುವ ಬ್ಲೋವರನ್ನೇ ಅನುಮಾನಿಸಿದೆವು. ಆದರೆ ಟ್ಯಾಂಕಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂಗಿಂತ ಮೇಲೆಯೇ, ಅಂದರೆ ಸಾಕಷ್ಟು ಇತ್ತು. ತರಬೇತಿಗೆ ಬಂದಿದ್ದ ಹುಡುಗಿಯೊಬ್ಬಳು ಸುಮ್ಮನೆ ಕೂತು ಜಮಾಖರ್ಚು ಬರೆದಳು. 1 ಗ್ರಾಂ ಅಮೋನಿಯಾ ನೈಟ್ರೋಜನ್ ನೈಟ್ರೇಟ್ ಆಗುವಾಗ 7.14 ಗ್ರಾಂ ಕ್ಷಾರೀಯತೆಯನ್ನು (ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ) ತಿನ್ನುತ್ತದೆ. ಲೀಟರಿನಲ್ಲಿ 30 ಮಿಲಿಗ್ರಾಂ ಅಮೋನಿಯಾ ನೈಟ್ರೋಜನ್‌ಗೆ 214 ಮಿಲಿಗ್ರಾಂ ಕ್ಷಾರೀಯತೆ ಬೇಕು, ಒಳಬರುವ ನೀರಿನಲ್ಲಿ ಇದ್ದದ್ದು 180. ಆಮ್ಲೀಯತೆ ಏರಿ ನೈಟ್ರಿಫೈ ಮಾಡುವ ಬ್ಯಾಕ್ಟೀರಿಯಾ ಸೊರಗಿದ್ದವು. ಸುಣ್ಣ ಹಾಕಿದೆವು, ಅವು ನಿಧಾನಕ್ಕೆ ಚೇತರಿಸಿಕೊಂಡವು. ಅವಳು ಬಳಸಿದ್ದು ಎರಡನೇ ವರ್ಷದ ರಸಾಯನಶಾಸ್ತ್ರವನ್ನು, ಯಾವ ಸಾಫ್ಟ್‌ವೇರನ್ನೂ ಅಲ್ಲ.

ಕಾಡು, ನದಿಯ ಮೇಲಿನ ಪ್ರೀತಿಯಿಂದ ಈ ಕೋರ್ಸಿಗೆ ಸೇರಿ, ಮೊದಲ ವರ್ಷಗಳ ಫ್ಲೂಯಿಡ್ ಮೆಕ್ಯಾನಿಕ್ಸ್, ಡಿಫರೆನ್ಷಿಯಲ್ ಸಮೀಕರಣಗಳನ್ನು ಕಂಡು ಕುಗ್ಗುವವರಿದ್ದಾರೆ. ಆ ಪ್ರೀತಿಯನ್ನು ಬಿಡಬೇಡಿ, ಗಣಿತಕ್ಕೆ ಬೆನ್ನು ಹಾಕಲೂ ಬೇಡಿ. ಸಂಖ್ಯಾಶಾಸ್ತ್ರವನ್ನಂತೂ ಐಚ್ಛಿಕವಾದರೂ ಓದಿ.

ವಾಯುಮಾಲಿನ್ಯ, ಘನತ್ಯಾಜ್ಯದ ಪಾಠಗಳಲ್ಲೂ ಅದೇ ಪ್ರಶ್ನೆ. ಚಿಮಣಿಯ ಹೊಗೆಯನ್ನು ಸ್ಕ್ರಬ್ಬರಿನಲ್ಲಿ ನೀರು ಸಿಂಪಡಿಸಿ ತೊಳೆದರೆ ಗಾಳಿಯ ಮಾಲಿನ್ಯ ನೀರಿಗೆ ಇಳಿಯುತ್ತದೆ. ಆರ್‌ಒ ಘಟಕ ಉಪ್ಪನ್ನು ನಾಶ ಮಾಡುವುದಿಲ್ಲ, ಸ್ವಲ್ಪ ನೀರಿನಲ್ಲಿ ಗಟ್ಟಿಗೊಳಿಸಿ ಆಚೆ ಕಳಿಸುತ್ತದೆ. ಕಸ ಸುಟ್ಟರೆ ಅದರ ಸೀಸ, ಕ್ಯಾಡ್ಮಿಯಂ ಬೂದಿಯಲ್ಲಿ ಬಂದು ಕೂರುತ್ತವೆ.

ಕಾಲೇಜು ಆರಿಸುವಾಗ ಪ್ರಯೋಗಾಲಯವನ್ನು ನೋಡಿ ಬನ್ನಿ. ಬಿಒಡಿ ಪರೀಕ್ಷೆಯನ್ನು ವಿದ್ಯಾರ್ಥಿಗಳೇ ಮಾಡುತ್ತಾರೆಯೇ ಎಂದು ಕೇಳಿ. ಅದಕ್ಕೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 5 ದಿನ ಬೇಕು. ಆ ಉಷ್ಣತೆಯಲ್ಲಿ ಒಂದು ಲೀಟರ್ ನೀರು ಹಿಡಿದಿಡಬಲ್ಲ ಆಮ್ಲಜನಕವೇ ಸುಮಾರು 9 ಮಿಲಿಗ್ರಾಂ. ಹಾಗಾಗಿ ಲೀಟರಿಗೆ 250 ಮಿಲಿಗ್ರಾಂ ಬಿಒಡಿ ಇರುವ ಕೊಳಚೆಯನ್ನು ಎಷ್ಟು ಪಟ್ಟು ತೆಳುಗೊಳಿಸಬೇಕೆಂದು ಮೊದಲೇ ಅಂದಾಜಿಸಬೇಕು. ಅಂದಾಜು ತಪ್ಪಿದರೆ ಐದನೇ ದಿನ ಬಾಟಲಿಯಲ್ಲಿ ಆಮ್ಲಜನಕ ಸೊನ್ನೆ, ಮತ್ತೆ ಮೊದಲಿನಿಂದ. ಹಾಗೆ ಒಮ್ಮೆಯಾದರೂ ಕೆಟ್ಟ ಬಾಟಲಿಯನ್ನು ಚೆಲ್ಲಿ ಬಂದ ವಿದ್ಯಾರ್ಥಿಯನ್ನು ನಾನು ಸಂತೋಷದಿಂದ ಕೆಲಸಕ್ಕೆ ಸೇರಿಸಿಕೊಳ್ಳುತ್ತೇನೆ.