ದಾನ ಬರುವುದು ಜೂನ್‌ನಲ್ಲಿ, ಹುಡುಗಿ ಶಾಲೆ ಬಿಡುವುದು ನವೆಂಬರ್‌ನಲ್ಲಿ

ವಿಜಯಪುರದ ಸುತ್ತಮುತ್ತ ಹೆಣ್ಣುಮಕ್ಕಳ ಹೈಸ್ಕೂಲು ಓದಿಗೆ ದೇಣಿಗೆ ಕೂಡಿಸುವುದು ನನ್ನ ಕೆಲಸ. ಜೂನ್‌ನಲ್ಲಿ ದಾನಿಗಳನ್ನು ಹುಡುಕಬೇಕಾಗಿಲ್ಲ, ಅವರೇ ಫೋನ್ ಮಾಡುತ್ತಾರೆ. ಬ್ಯಾಗು, ನೋಟ್‌ಬುಕ್ಕು, ಕಂಪಾಸ್ ಬಾಕ್ಸು. ಕೆಲವು ಕಡೆ ಒಬ್ಬಳಿಗೇ ಎರಡೆರಡು ಬ್ಯಾಗು ಸಿಕ್ಕಿರುತ್ತವೆ.

ಆದರೆ ಬ್ಯಾಗಿಲ್ಲ ಅಂತ ಒಂಬತ್ತನೇ ಕ್ಲಾಸಿನ ಹುಡುಗಿ ಶಾಲೆ ಬಿಡುವುದು ಕಡಿಮೆ. ಸರ್ಕಾರಿ ಹೈಸ್ಕೂಲಿನಲ್ಲಿ ಪಠ್ಯಪುಸ್ತಕ ಪುಕ್ಕಟೆ, ಹತ್ತರವರೆಗೆ ಬಿಸಿಯೂಟವೂ ಇದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿಗೂ ದುಡ್ಡು ಬೇಕಿಲ್ಲ. ಕುತ್ತು ಬರುವುದು ದಸರಾ ರಜೆ ಮುಗಿದ ಮೇಲೆ. ಕಬ್ಬು ಕಡಿಯುವ ಹಂಗಾಮು ಶುರುವಾಗುತ್ತದೆ. ಕೂಲಿಯ ಮುಂಗಡ ತೆಗೆದುಕೊಂಡ ಅಪ್ಪ-ಅವ್ವ ಕಬ್ಬು ಕಡಿಯುವವರ ಗ್ಯಾಂಗ್ ಜೊತೆ ಬೆಳಗಾವಿ, ಬಾಗಲಕೋಟೆ ಕಡೆಗೋ ಮಹಾರಾಷ್ಟ್ರಕ್ಕೋ ಹೊರಡುತ್ತಾರೆ. ವಾಪಸ್ ಬರುವಷ್ಟರಲ್ಲಿ ಪರೀಕ್ಷೆ ಹತ್ತಿರ ಬಂದಿರುತ್ತದೆ. ದೊಡ್ಡವಳಾದ ಮಗಳನ್ನು ಒಬ್ಬಳನ್ನೇ ಮನೆಯಲ್ಲಿ ಬಿಡುವುದು ಹೇಗೆ? ಕರೆದುಕೊಂಡು ಹೋದರೆ ರೊಟ್ಟಿ ಬಡಿಯಲು, ತಮ್ಮನನ್ನು ನೋಡಿಕೊಳ್ಳಲು ಆಗುತ್ತಾಳೆ. ಇಲ್ಲಾಂದ್ರೆ ಮದುವೆ ಮಾತು. ಕಾನೂನಿನ ಕಡ್ಡಾಯ ಶಿಕ್ಷಣವೂ 14 ವರ್ಷಕ್ಕೇ ಮುಗಿಯುತ್ತದೆ.

ಅದಕ್ಕೇ ನಾವು ಕೇಳುವುದು ಹಂಗಾಮಿನ ಖರ್ಚು. ಹುಡುಗಿ ಅಜ್ಜಿ ಮನೆಯಲ್ಲಿ ಉಳಿದರೆ ಆ ಮನೆಗೆ ಕಾಳುಕಡಿ. ಹಾಸ್ಟೆಲ್ ಸಿಕ್ಕರೆ ಹಾಸಿಗೆ, ಸೋಪು, ಪ್ಯಾಡು. ಸ್ಪೆಷಲ್ ಕ್ಲಾಸ್ ಮುಗಿಯುವ ಹೊತ್ತಿಗೆ ಕೊನೇ ಬಸ್ಸು ಹೋಗಿದ್ದರೆ ಟಂಟಂ ಆಟೊದ ಬಾಡಿಗೆ. ಬಸ್ಸೇ ಇಲ್ಲದ ಹೊತ್ತಲ್ಲಿ ಫ್ರೀ ಟಿಕೆಟ್ ಇದ್ದು ಏನು ಬಂತು?

ಇಂಥದ್ದಕ್ಕೆ ದುಡ್ಡು ಕೇಳುವುದು ಕಷ್ಟ. ಟಂಟಂ ಬಾಡಿಗೆಯ ಫೋಟೊ ತೆಗೆಯಲು ಬರುವುದಿಲ್ಲ, ಅಲ್ವಾ? ಬ್ಯಾಗ್ ಹಂಚಿದರೆ ಮಕ್ಕಳನ್ನು ಸಾಲಾಗಿ ನಿಲ್ಲಿಸಬಹುದು. ನಾನಂತೂ ಆ ಫೋಟೊಗೆ ಒಪ್ಪುವುದಿಲ್ಲ. ಅದು ವಾಟ್ಸಾಪಿನಲ್ಲಿ ಓಡಾಡಿದರೆ ಊರಲ್ಲಿ ತಲೆ ತಗ್ಗಿಸುವವಳು ಆ ಹುಡುಗಿ. ದೇವದಾಸಿ ತಾಯಂದಿರ ಮಕ್ಕಳಿಗಂತೂ ಇನ್ನೂ ಕಷ್ಟ. ದಾನಿಗಳಿಗೆ ನಾವು ಕಳಿಸುವುದು ಹೆಸರಿಲ್ಲದ ತಿಂಗಳ ಹಾಜರಿ ಪಟ್ಟಿ. ಬಜಾರಿನ ವ್ಯಾಪಾರಸ್ಥರಿಗೆ ಅದು ಜಾಸ್ತಿ ಹಿಡಿಸುತ್ತದೆ. ಲೆಕ್ಕ ನೋಡುವ ಜನ.

ಅವರಿಗೆ ಇನ್ನೊಂದು ವಿಷಯವನ್ನೂ ಹೇಳುತ್ತೇನೆ. ವಸ್ತು ಕೊಟ್ಟರೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಸಿಗುವುದಿಲ್ಲ. ನಗದು 2,000 ರೂಪಾಯಿ ದಾಟಿದರೂ ಇಲ್ಲ. ಚೆಕ್ಕಿನಲ್ಲೋ ಯುಪಿಐನಲ್ಲೋ ಕೊಡಬೇಕು, ಸಂಸ್ಥೆಗೆ ಈ ತೆರಿಗೆ ವಿನಾಯಿತಿಯ ನೋಂದಣಿ ಇರಬೇಕು, ದಾನಿ ಹಳೆಯ ತೆರಿಗೆ ಪದ್ಧತಿಯಲ್ಲಿರಬೇಕು.

ದುಡ್ಡು ಮಾತ್ರ ಆಗಸ್ಟ್ ಹೊತ್ತಿಗೆ ಕೈಗೆ ಬರಬೇಕು. ಗ್ಯಾಂಗಿನ ಗಾಡಿ ಬಂದು ನಿಂತ ದಿನ ಹೋಗಿ, ‘ಮಗಳನ್ನು ಬಿಟ್ಟು ಹೋಗಿ’ ಅಂದರೆ ಯಾರೂ ಕೇಳುವುದಿಲ್ಲ. ಅವಳು ಎಲ್ಲಿ ಇರುತ್ತಾಳೆ, ಯಾರು ಊಟ ಹಾಕುತ್ತಾರೆ ಅನ್ನುವುದು ಅಷ್ಟರೊಳಗೇ ಗೊತ್ತಾಗಿರಬೇಕು. ಡಿಸೆಂಬರ್‌ನಲ್ಲಿ ಬಂದ ಚೆಕ್ಕನ್ನು ನಾವು ಮುಂದಿನ ಹಂಗಾಮಿಗೆ ಎತ್ತಿಡುತ್ತೇವೆ.